ಕೇಳಿದ್ದು, ಕೇಳಿಸಿಕೊಂಡದ್ದು

ಭಾನುವಾರ ನಸುಕಿನ ನಾಲ್ಕಕ್ಕೇ ಹೊಸಕೋಟೆಯಲ್ಲಿ ಬಿರಿಯಾನಿಗೆ ಸಾಲು ಹತ್ತುತ್ತದೆ. ಬೆಂಗಳೂರಿನಿಂದ ಹಳೆ ಮದ್ರಾಸ್ ರಸ್ತೆ ಹಿಡಿದು ಬಂದವರು ಆಕಳಿಸುತ್ತ ನಿಂತು, 'ಏನಣ್ಣ, ಇನ್ನೂ ಎಷ್ಟೊತ್ತು?' ಎಂದು ಕೇಳುತ್ತಾರೆ. ಬೆಳಕು ಹರಿಯುವ ಹೊತ್ತಿಗೆ ಅದೇ ರಸ್ತೆಯಲ್ಲಿ ಇನ್ನೊಂದು ತಂಡ ಬಂದಿಳಿಯುತ್ತದೆ. ಕೊರಳಲ್ಲಿ ದುರ್ಬೀನು, ಹೆಗಲಲ್ಲಿ ಉದ್ದ ಲೆನ್ಸಿನ ಕ್ಯಾಮೆರಾ. ಇವರ ದಾರಿ ದೊಡ್ಡ ಅಮಾನಿಕೆರೆಯ ಏರಿಯ ಕಡೆಗೆ. ಹಕ್ಕಿ ನೋಡಲು ಬಂದವರಾದರೂ, ಮಂಜು ಕರಗುವ ತನಕ ಇವರಿಗೂ ಇರುವ ಕೆಲಸ ಕೇಳುವುದೇ.

ಒಂದೇ ಕ್ರಿಯಾಪದ ಎರಡೂ ಗುಂಪಿಗೆ ಸಲ್ಲುತ್ತದೆ. ಕನ್ನಡದ 'ಕೇಳು' ಹಾಗೆಯೇ, ಬಾಯಿಗೂ ಸೈ, ಕಿವಿಗೂ ಸೈ. ಸಂತೆಯಲ್ಲಿ ಬೆಲೆ ಕೇಳುತ್ತೇವೆ, ನೆಂಟರ ಮನೆಯಲ್ಲಿ ಹೆಣ್ಣು ಕೇಳುತ್ತೇವೆ, ಕಷ್ಟ ಬಂದರೆ ಸಾಲ ಕೇಳುತ್ತೇವೆ, ಸಂಜೆ ಗುಡಿಯಲ್ಲಿ ಕೂತು ಹರಿಕಥೆ ಕೇಳುತ್ತೇವೆ. ಮಗ ಮಾತು ಕೇಳುವುದಿಲ್ಲ ಎಂದರೆ ಅವನ ಕಿವಿಗೆ ದೋಷವೇನೂ ಇಲ್ಲ. ಹೊರಡಬೇಕೆಂದು ಎದ್ದವರನ್ನು ತಡೆಯುವುದು ಕೇಳದ ಮನಸ್ಸು. ದಿಕ್ಕು ದೆಸೆಯಿಲ್ಲದ ಮನೆಗೆ ಹೇಳೋರು ಕೇಳೋರು ಯಾರೂ ಇಲ್ಲ.

ತಮಿಳಿನ 'ಕೇಳ್' ಕೂಡ ಹೀಗೆ ಎರಡು ದೋಣಿಯಲ್ಲಿ ಕಾಲಿಟ್ಟಿದೆ. ಹೊಸಕೋಟೆ ಸೀಮೆಯ ಎಷ್ಟೋ ಮನೆಗಳಲ್ಲಿ ಆಡುವ ತೆಲುಗು ಮಾತ್ರ ಪಾಲು ಮಾಡಿಕೊಂಡಿದೆ: ಪ್ರಶ್ನೆಗೆ 'ಅಡುಗು', ಕಿವಿಗೆ 'ವಿನು'. ಕನ್ನಡದಲ್ಲಿ ಈ ಎರಡೂ ಇನ್ನೂ ಒಟ್ಟು ಕುಟುಂಬ.

ಪ್ರಕೃತಿಯ ವಿಷಯಕ್ಕೆ ಬಂದರೆ ಈ ಒಟ್ಟು ಕುಟುಂಬದಲ್ಲಿ ಪ್ರಶ್ನೆಯದೇ ಯಜಮಾನಿಕೆ. ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ಆಡಿದ್ದು ನಿಜ ಎಂಬ ಸಾಕ್ಷಿ. ಬೆರಳಲ್ಲಿ ನೆಲ ಕುಟ್ಟಿ 'ಕೃಷ್ಣ ಕೃಷ್ಣ' ಎನ್ನುವವರು ಈಗಲೂ ಇದ್ದಾರೆ. ಕಪ್ಪೆ ವಟಗುಟ್ಟಿದರೆ ಮಳೆಯ ಲೆಕ್ಕ. ಇನ್ನು ಬುಡುಬುಡಿಕೆಯವರದು ಕಿವಿಯನ್ನೇ ನಂಬಿದ ಕಸುಬು. ನಸುಕಿನಲ್ಲಿ ಊರಾಚೆ ಹಾಲಕ್ಕಿಯ ನುಡಿ ಕೇಳಿಕೊಂಡು ಬಂದೆವೆಂದು ಮನೆ ಮನೆಯ ಮುಂದೆ ಶಕುನ ಹೇಳುತ್ತಾರೆ. ಹಾಲಕ್ಕಿ ಎಂದರೆ ಅಂಗೈಯಗಲದ ಚುಕ್ಕೆ ಗೂಬೆ. ಅದು ಸಂಗಾತಿಯನ್ನು ಕರೆದಿರಬಹುದು, ತನ್ನ ಪೊಟರೆಗೆ ಬಂದ ಇನ್ನೊಂದನ್ನು ಬೈದಿರಬಹುದು. ಜಗಲಿಯ ಮೇಲೆ ನಿಂತವರಿಗೆ ಬೇಕಾದದ್ದು ಮಗಳ ಮದುವೆಯ ಸುದ್ದಿ.

ಸುಮ್ಮನೆ ಕಿವಿಗೊಡುವ ಕೆಲಸಕ್ಕೆ ಗ್ರಂಥಸ್ಥ ಭಾಷೆಯಲ್ಲಿ 'ಆಲಿಸು' ಇದೆ. ತೆಲುಗಿನ 'ಆಲಕಿಂಚು' ಅದರ ನೆಂಟ. ಆದರೆ ಆಲಿಸುವುದನ್ನು ಇಂದು ಪತ್ರಿಕೆಗಳು ಸಚಿವರಿಗೆ ಬಿಟ್ಟುಕೊಟ್ಟಿವೆ. ಅವರು ಜನರ ಅಹವಾಲು ಆಲಿಸುತ್ತಾರೆ, ಶಾಲೆಯ ಮಕ್ಕಳು ಭಾಷಾ ಕೌಶಲದ ಲೆಕ್ಕಕ್ಕೆ ಆಲಿಸುತ್ತಾರೆ. ಅಡುಗೆಮನೆಯಲ್ಲಿ ಯಾರೂ ಆಲಿಸುವುದಿಲ್ಲ.

ಅಲ್ಲಿ ನಡೆಯುವ ಮಾತು ಬೇರೆ: 'ಮೊದ್ಲು ಹೇಳೋದು ಕೇಳಿಸ್ಕೊ.'

ಈ ಪದದ ಹುಟ್ಟು ಚೆನ್ನಾಗಿದೆ. 'ನಾನು ಕೇಳಿದೆ' ಎಂದರೆ ನಾನು ಕರ್ತೃ. 'ನನಗೆ ಕೇಳಿಸಿತು' ಎಂದಾಗ ಸದ್ದೇ ಕರ್ತೃ, ನಾನು ಚತುರ್ಥಿ ವಿಭಕ್ತಿಯಲ್ಲಿ ಮೂಲೆಗೆ ಸರಿದೆ. 'ಕೇಳಿಸಿಕೊಂಡೆ' ಎನ್ನುವಲ್ಲಿ ಮತ್ತೆ ಮುಂದಕ್ಕೆ ಬಂದೆ, ಆದರೆ ಕೈಯೊಡ್ಡಿಕೊಂಡು. ಕೊನೆಗೆ ಸೇರಿರುವುದು ಸಂತೆಯಲ್ಲಿ ಸೊಪ್ಪು ಕೊಳ್ಳುವ ಅದೇ 'ಕೊಳ್ಳು'. ಎಲ್ಲಕ್ಕಿಂತ ಮುಖ್ಯವಾಗಿ, ಕೇಳಿಸಿಕೊಂಡು ಯಾರೂ ಪ್ರಶ್ನೆ ಹಾಕಲಾರರು. ಪ್ರಶ್ನೆಯ ಅರ್ಥ ಈ ರೂಪದೊಳಗೆ ನುಸುಳುವುದೇ ಇಲ್ಲ.

ಹಾಗೆ ಕೇಳಿಸಿಕೊಂಡವರು ಇದ್ದರೆಂಬುದಕ್ಕೆ ಹಕ್ಕಿಗಳ ಹೆಸರೇ ಗುರುತು. ಎಲೆ ಹೊಲಿದು ಗೂಡು ಕಟ್ಟುವ ಸಿಂಪಿಗ 'ಟುವ್ವಿ ಟುವ್ವಿ' ಎನ್ನುವುದರಿಂದ ಟುವ್ವಿ ಹಕ್ಕಿ. ಮರದೊಳಗೆ ಅಡಗಿ 'ಕುಟ್ರೂ ಕುಟ್ರೂ' ಎಂದು ಕೂಗುವುದು ಕುಟ್ರು ಹಕ್ಕಿ. ಕೆರೆಯಂಗಳದಲ್ಲಿ ಉದ್ದ ಹಳದಿ ಕಾಲಿನ ಮೇಲೆ ಓಡುವುದು ಟಿಟ್ಟಿಭ. ಸಂಸ್ಕೃತದವರು ಕೂಗನ್ನೇ ಹೆಸರಾಗಿಸಿ ಪಂಚತಂತ್ರದಲ್ಲಿ ಸಮುದ್ರದ ಮೇಲೆಯೇ ಜಗಳಕ್ಕೆ ಬಿಟ್ಟ ಹಕ್ಕಿ. ಇಂಗ್ಲಿಷರ ಕಿವಿಗೆ ಅದೇ ಕೂಗು 'ಡಿಡ್ ಹಿ ಡು ಇಟ್' ಎಂಬ ತನಿಖೆಯಾಗಿ ಕೇಳಿಸಿತು.

ಈಗ ಕೇಳಿಸಿಕೊಳ್ಳುವುದಕ್ಕೂ ಪೈಪೋಟಿ. ಕೋಲಾರದ ಕಡೆಗೆ ಹೋಗುವ ಹೆದ್ದಾರಿಯ ಲಾರಿ ಹಾರನ್ನು ಏರಿಯ ತನಕ ಬರುತ್ತದೆ. ಗದ್ದಲ ಹಕ್ಕಿಯ ಹಾಡನ್ನೇ ತಿದ್ದುತ್ತದೆ ಎಂಬುದಕ್ಕೆ ಪುರಾವೆಗಳಿವೆ. ನೆದರ್‌ಲ್ಯಾಂಡ್ಸಿನ ಲೈಡನ್ ನಗರದ ಗದ್ದಲದ ಜಾಗಗಳಲ್ಲಿ ಗ್ರೇಟ್ ಟಿಟ್ ಹಕ್ಕಿಗಳು ಕೆಳಸ್ವರ ಬಿಟ್ಟು ಮೇಲಿನ ಶ್ರುತಿಯಲ್ಲಿ ಹಾಡುವುದನ್ನು 2003ರಲ್ಲಿ ಸಂಶೋಧಕರು ವರದಿ ಮಾಡಿದರು. 2020ರ ಲಾಕ್‌ಡೌನಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ರಸ್ತೆಗಳು ಮೌನವಾದಾಗ ಅಲ್ಲಿನ ಒಂದು ಬಗೆಯ ಗುಬ್ಬಿಗಳು ದನಿ ತಗ್ಗಿಸಿ ಹಾಡಿದವು; ತಗ್ಗಿದ ದನಿಯೇ ಮೊದಲಿಗಿಂತ ದೂರ ಮುಟ್ಟಿತು. ಇತ್ತ ಏರಿಯ ಮೇಲೆ ನಿಂತವರು ಕೂಗು ಕೇಳಿದ ಕೂಡಲೇ ಹಕ್ಕಿಯ ದನಿ ಗುರುತಿಸುವ ಮರ್ಲಿನ್ ಆ್ಯಪ್ ತೆರೆದು ಫೋನು ಹಿಡಿಯುತ್ತಾರೆ. ಅದು ಹೆಸರು ತೋರಿಸುತ್ತದೆ. ಕೇಳಿದ್ದಾಯಿತು, ಉತ್ತರ ಸಿಕ್ಕಿತು, ಮುಂದಿನ ಹಕ್ಕಿ.

ಟಿಟ್ಟಿಭದ ಮುಂದೆ ಈ ಅವಸರ ನಡೆಯದು. ಬೇಸಿಗೆಯಲ್ಲಿ ಅದು ಗೂಡೆಂಬ ಗೂಡಿಲ್ಲದೆ, ಬಯಲಿನ ಕಲ್ಲುಪುಡಿಯ ನಡುವೆ ಮಣ್ಣಿನ ಬಣ್ಣದ ನಾಲ್ಕು ಮೊಟ್ಟೆ ಇಡುತ್ತದೆ. ಹತ್ತು ಹೆಜ್ಜೆ ದೂರದಿಂದ ನೋಡಿದರೂ ಅವು ಬರಿಯ ಉಂಡೆಕಲ್ಲು. ಅತ್ತ ಯಾರಾದರೂ ಕಾಲಿಟ್ಟರೆ ಹಕ್ಕಿ ತಲೆಯ ಮೇಲೆ ಸುತ್ತುತ್ತ ಅರಚುತ್ತದೆ. ಒಂದಿಷ್ಟು ಹೊತ್ತು ಕೇಳಿಸಿಕೊಂಡವರಿಗೆ ಅರಚಾಟ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದು ಹತ್ತುತ್ತದೆ. ಎಡಕ್ಕೆ ಹೋದರೆ ದನಿ ಚೂಪು. ಬಲಕ್ಕೆ ಸರಿದರೆ ನಿಧಾನ. ಕ್ಯಾಮೆರಾ ಇಳಿಸಿ, ಬಂದ ಹೆಜ್ಜೆಯಲ್ಲೇ ಹಿಂದೆ ನಡೆದು ಏರಿ ಹತ್ತಿದರೆ ಕೂಗು ನಿಲ್ಲುತ್ತದೆ, ಹಕ್ಕಿ ನೆಲಕ್ಕಿಳಿದು ಅತ್ತಿತ್ತ ನೋಡಿ ಮೊಟ್ಟೆಗಳ ಮೇಲೆ ಕೂರುತ್ತದೆ. ಅಷ್ಟರಲ್ಲಿ ಊರೊಳಗೆ ಬಿರಿಯಾನಿಯ ಹಂಡೆಯೂ ಖಾಲಿಯಾಗಿರುತ್ತದೆ.