ಸೆರೆಯ ಒಂದು ಸಂಜೆ, ಇಗರ್ಜಿಯ ಅರವತ್ತು ವರ್ಷ

ಯುದ್ಧದಿಂದ ಮರಳಿದವರನ್ನು ನೆನೆಯುವಾಗ ನಮ್ಮ ಮಾತು ತಾನಾಗಿಯೇ ರಣರಂಗದ ಕಡೆಗೆ ಹೊರಳುತ್ತದೆ. ಎಲ್ಲಿ ಸೆರೆಸಿಕ್ಕಿದ, ಹೇಗೆ ಪಾರಾದ ಎಂದು ಕೇಳುತ್ತೇವೆ. ಮರಳಿ ಬಂದ ಮೇಲೆ ನಲವತ್ತು ಐವತ್ತು ವರ್ಷ ಆತ ಏನು ಮಾಡಿದ ಎಂದು ಕೇಳುವವರು ವಿರಳ. ಫ್ರಾನ್ಸಿನ ಒಲಿವಿಯೆ ಮೆಸಿಯಾನನ ಬಾಳು ಈ ಎರಡನೆಯ ಪ್ರಶ್ನೆಯನ್ನೂ ಕೇಳುವಂತೆ ಮಾಡುತ್ತದೆ. ಆತ ಸೈನಿಕ, ಸಂಗೀತದ ಮೇಷ್ಟ್ರು, ಇಗರ್ಜಿಯ ಆರ್ಗನ್ ವಾದಕ. ಜಗತ್ತು ಹೆಚ್ಚಾಗಿ ಬಲ್ಲುದು ಮಾತ್ರ ಆತನ ಸೈನಿಕ ಜೀವನದಿಂದ ಹುಟ್ಟಿದ ಒಂದು ಕಥೆಯನ್ನು.

ಮೆಸಿಯಾನನು ಹುಟ್ಟಿದ್ದು ೧೯೦೮ರ ಡಿಸೆಂಬರ್ ೧೦ರಂದು, ಆವಿನ್ಯೋ ಪಟ್ಟಣದಲ್ಲಿ. ತಂದೆ ಷೇಕ್ಸ್‌ಪಿಯರನ ನಾಟಕಗಳನ್ನು ಫ್ರೆಂಚಿಗೆ ತಂದ ಇಂಗ್ಲಿಷ್ ಅಧ್ಯಾಪಕ. ತಾಯಿ ಸೆಸಿಲ್ ಸೊವಾಜ್ ಕವಯಿತ್ರಿ. ಮಗ ಇನ್ನೂ ಗರ್ಭದಲ್ಲಿದ್ದಾಗಲೇ ಅವನನ್ನು ಕುರಿತು ಕವನಗಳನ್ನು ಬರೆದವಳು. ೧೯೧೯ರಲ್ಲಿ, ಇನ್ನೂ ಬಾಲಕನಾಗಿದ್ದಾಗ, ಪ್ಯಾರಿಸ್ಸಿನ ಸಂಗೀತ ವಿದ್ಯಾಲಯವನ್ನು ಸೇರಿ, ಮಾರ್ಸೆಲ್ ದ್ಯುಪ್ರೆಯ ಬಳಿ ಆರ್ಗನ್ನನ್ನೂ ಪೋಲ್ ದ್ಯುಕಾನ ಬಳಿ ಕೃತಿರಚನೆಯನ್ನೂ ಕಲಿತ. ೧೯೩೧ರಲ್ಲಿ, ಇಪ್ಪತ್ತೆರಡರ ತರುಣನಿಗೆ ಪ್ಯಾರಿಸ್ಸಿನ ಪವಿತ್ರ ತ್ರಿತ್ವದ ಇಗರ್ಜಿಯಲ್ಲಿ ಆರ್ಗನ್ ವಾದಕನ ಸ್ಥಾನ ದೊರೆಯಿತು. ಕಚೇರಿಯ ವಿದ್ವಾಂಸನಿಗಿರುವ ವೇದಿಕೆ ಈ ವಾದಕನಿಗಿಲ್ಲ. ಆತ ಭಕ್ತರ ಬೆನ್ನ ಹಿಂದೆ, ಎತ್ತರದ ಅಟ್ಟದಲ್ಲಿ, ಯಾರ ಕಣ್ಣಿಗೂ ಬೀಳದೆ ಕುಳಿತು ನುಡಿಸುತ್ತಾನೆ. ಅಲ್ಲಿ ಚಪ್ಪಾಳೆಯಿಲ್ಲ; ಬಲಿಪೂಜೆ ಮುಗಿಯಿತೆಂದರೆ ಜನ ಎದ್ದು ಹೋಗುತ್ತಾರೆ.

೧೯೩೯ರಲ್ಲಿ ಯುದ್ಧ ಬಂದಿತು. ಕಣ್ಣಿನ ದೃಷ್ಟಿ ಮಂದವಾಗಿದ್ದುದರಿಂದ ಮೆಸಿಯಾನನಿಗೆ ಬಂದೂಕು ಕೊಡದೆ ವೈದ್ಯಕೀಯ ದಳದ ಸಹಾಯಕನನ್ನಾಗಿ ಸೇರಿಸಿಕೊಂಡರು. ವರ್ಡನ್ನಿನಲ್ಲಿ ಬೆಳಗಿನ ಜಾವದ ಕಾವಲಿನ ವೇಳೆ ಹಕ್ಕಿಗಳ ಕೂಗನ್ನು ಆಲಿಸುವುದು ಆತನ ರೂಢಿಯಾಗಿತ್ತು. ಜೊತೆಗೆ ಚೆಲೊ ವಾದಕ ಎಟಿಯೆನ್ ಪಾಸ್ಕಿಯೆ, ಕ್ಲಾರಿಯೊನೆಟ್ ವಾದಕ ಆನ್ರಿ ಅಕೊಕಾ ಇದ್ದರು. ೧೯೪೦ರ ಜೂನ್ ತಿಂಗಳಲ್ಲಿ ಫ್ರಾನ್ಸು ಕುಸಿದಾಗ ಮೂವರೂ ಜರ್ಮನರ ಕೈಗೆ ಸಿಕ್ಕಿ, ಗೋರ್ಲಿಟ್ಸ್ ಊರಿನ ಬಳಿಯ ಎಂಟನೆಯ-ಎ ಬಂದಿ ಶಿಬಿರವನ್ನು ಸೇರಿದರು. ಪಿಟೀಲು ವಾದಕ ಜಾನ್ ಲ ಬೂಲೇರನು ಅಲ್ಲಿ ಅವರಿಗೆ ಜೊತೆಯಾದ. ಕಾರ್ಲ್ ಆಲ್ಬರ್ಟ್ ಬ್ರುಲ್ ಎಂಬ ಜರ್ಮನ್ ಕಾವಲಿನವನೊಬ್ಬ ಮೆಸಿಯಾನನಿಗೆ ಕಾಗದ ಪೆನ್ಸಿಲುಗಳನ್ನು ತಂದುಕೊಟ್ಟ. ಆ ಕಾಗದದ ಮೇಲೆ ಎಂಟು ಭಾಗಗಳ ಒಂದು ಕೃತಿ ಸಿದ್ಧವಾಯಿತು: ‘ಕಾಲದ ಅಂತ್ಯಕ್ಕಾಗಿ ನಾಲ್ವರ ವಾದ್ಯಗೋಷ್ಠಿ’. ಬೈಬಲಿನ ಪ್ರಕಟನ ಗ್ರಂಥದಲ್ಲಿ ಇನ್ನು ಕಾಲವಿಲ್ಲವೆಂದು ಸಾರುವ ದೇವದೂತನೇ ಅದಕ್ಕೆ ಸ್ಫೂರ್ತಿ. ೧೯೪೧ರ ಜನವರಿ ೧೫ರ ಸಂಜೆ, ಕೊರೆಯುವ ಚಳಿಯಲ್ಲಿ, ಶಿಬಿರದ ಮರದ ಕೊಟ್ಟಿಗೆಯೊಂದರಲ್ಲಿ ಅದನ್ನು ಮೊದಲ ಬಾರಿಗೆ ನುಡಿಸಿದರು. ಒತ್ತಿದ ಮನೆಗಳು ಮೇಲೇಳದ, ಶ್ರುತಿಗೆಟ್ಟ ಪಿಯಾನೊದ ಮುಂದೆ ಮೆಸಿಯಾನನೇ ಕುಳಿತಿದ್ದ.

ಕಥೆ ಬೆಳೆಯತೊಡಗಿದ್ದು ಇಲ್ಲಿಂದ. ಕೇಳಲು ಐದು ಸಾವಿರ ಬಂದಿಗಳು ನೆರೆದಿದ್ದರು, ಚೆಲೊಗೆ ಮೂರೇ ತಂತಿಗಳಿದ್ದವು ಎಂದು ಮೆಸಿಯಾನನು ಮುಂದೆ ಹೇಳುತ್ತ ಬಂದ. ಆ ಚೆಲೊವನ್ನು ನುಡಿಸಿದ ಪಾಸ್ಕಿಯೆ ಮಾತ್ರ ಇದನ್ನು ಒಪ್ಪಲಿಲ್ಲ. ತಂತಿಗಳು ನಾಲ್ಕೂ ಇದ್ದವು. ಕೊಟ್ಟಿಗೆಯಲ್ಲಿ ಹಿಡಿಸುವುದು ಕೆಲವು ನೂರು ಜನ. ಮೂರು ತಂತಿಗಳ ಮಾತು ಪುಸ್ತಕದಿಂದ ಪುಸ್ತಕಕ್ಕೆ ಹೋಯಿತು. ಓದುಗರು ಯೋಚಿಸಬೇಕು: ನಾಲ್ಕು ತಂತಿಗಳಿದ್ದರೆ ಆ ಸಂಜೆಯ ಬೆಲೆ ಕುಗ್ಗುವುದೇ? ಹಸಿದ ಕೆಲವು ನೂರು ಮಂದಿ ಅತಿ ಕಠಿನವಾದ ಸಂಗೀತವನ್ನು ಮೌನವಾಗಿ ಕೇಳಿದರೆಂಬುದಷ್ಟೇ ಸಾಲದೇ?

ಆ ಕೃತಿಯಲ್ಲಿ ನಮ್ಮ ಕಡೆಯ ಶ್ರೋತೃಗಳಿಗೆ ಆಪ್ತವಾದ ಒಂದು ಸಂಗತಿಯುಂಟು. ೧೩ನೆಯ ಶತಮಾನದಲ್ಲಿ ದೇವಗಿರಿಯ ಸೇವುಣರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ‘ಸಂಗೀತ ರತ್ನಾಕರ’ದಲ್ಲಿ ೧೨೦ ದೇಶೀ ತಾಳಗಳನ್ನು ಪಟ್ಟಿಮಾಡಿದ್ದಾನೆ. ವಿಜಯನಗರದ ಕಲ್ಲಿನಾಥನು ಮುಂದೆ ಟೀಕೆ ಬರೆದದ್ದು ಇದೇ ಗ್ರಂಥಕ್ಕೆ. ಈ ಪಟ್ಟಿಯನ್ನು ಮೆಸಿಯಾನನು ಫ್ರೆಂಚ್ ಸಂಗೀತ ವಿಶ್ವಕೋಶವೊಂದರಲ್ಲಿ ಕಂಡ. ಗುರುಮುಖದಿಂದ ಕೈಯಲ್ಲಿ ತಾಳ ಹಾಕಿ ಕಲಿತವನಲ್ಲ. ಬರಹದಲ್ಲಿದ್ದ ಅಕ್ಷರಕಾಲಗಳ ಅಳತೆಯನ್ನಷ್ಟೇ ತೆಗೆದುಕೊಂಡ. ಕೃತಿಯ ಮೊದಲ ಭಾಗದಲ್ಲಿ ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ ಎಂಬ ಮೂರು ತಾಳಗಳನ್ನು ಜೋಡಿಸಿ, ಪಿಯಾನೊಗೆ ೧೭ ಕಾಲಪ್ರಮಾಣಗಳ ಒಂದು ಆವರ್ತವನ್ನು ಕಟ್ಟಿದ್ದಾನೆ. ಅದರ ಮೇಲೆ ೨೯ ಸ್ವರಗುಚ್ಛಗಳ ಇನ್ನೊಂದು ಆವರ್ತ. ಎರಡೂ ಅವಿಭಾಜ್ಯ ಸಂಖ್ಯೆಗಳಾದ್ದರಿಂದ, ಒಟ್ಟಿಗೆ ಹೊರಟ ಆವರ್ತಗಳು ಮತ್ತೆ ಒಟ್ಟಿಗೆ ಮೊದಲಿಗೆ ಬರಬೇಕಾದರೆ ೪೯೩ ಬಾರಿ ಪಿಯಾನೊ ನುಡಿಯಬೇಕು. ಅಷ್ಟರೊಳಗೆ ಆ ಭಾಗವೇ ಮುಗಿದುಹೋಗುತ್ತದೆ. ನಮ್ಮ ಕಚೇರಿಯಲ್ಲಿ ಸಮಕ್ಕೆ ಬಂದು ಸೇರಿದಾಗ ಸಭೆ ತಲೆದೂಗುತ್ತದೆ. ಇಲ್ಲಿ ಸಮವೆಂಬುದು ಕೇಳುವವನ ಬಾಳಿನಾಚೆಗೆ ಸರಿದಿದೆ. ಕಾಲದ ಅಂತ್ಯವೆಂದರೆ ಏನೆಂಬುದನ್ನು ಆತ ಲೆಕ್ಕದಲ್ಲಿಯೇ ತೋರಿಸಿಬಿಟ್ಟ.

ಬ್ರುಲ್‌ನ ನೆರವಿನಿಂದ ೧೯೪೧ರಲ್ಲಿಯೇ ಬಿಡುಗಡೆಯಾಯಿತು. ಅಕೊಕಾ ಯೆಹೂದಿ; ಅವನು ಓಡುವ ರೈಲಿನಿಂದ ಹಾರಿ ತಪ್ಪಿಸಿಕೊಳ್ಳಬೇಕಾಯಿತು. ಅದೇ ವರ್ಷ ಮೆಸಿಯಾನನಿಗೆ ಪ್ಯಾರಿಸ್ಸಿನ ವಿದ್ಯಾಲಯದಲ್ಲಿ ಸ್ವರಮೇಳದ ಅಧ್ಯಾಪಕನ ಹುದ್ದೆ ಸಿಕ್ಕಿತು. ಆ ಸ್ಥಾನ ತೆರವಾದದ್ದು ಆಂದ್ರೆ ಬ್ಲಾಕ್ ಎಂಬ ಅಧ್ಯಾಪಕನನ್ನು ಯೆಹೂದಿಯೆಂಬ ಕಾರಣಕ್ಕೆ ತೆಗೆದುಹಾಕಿದ್ದರಿಂದ. ಸ್ಮರಣೆ ಪ್ರಾಮಾಣಿಕವಾಗಬೇಕಾದರೆ ಇದನ್ನೂ ಹೇಳಬೇಕು. ಕೆಟ್ಟ ಕಾಲದಲ್ಲಿ ಒಬ್ಬನಿಗೆ ದೊರೆತ ಪೀಠದ ಕೆಳಗೆ ಇನ್ನೊಬ್ಬನ ಅನ್ಯಾಯವಿರುತ್ತದೆ.

ಆ ಪೀಠದಲ್ಲಿ ಕುಳಿತು ಆತ ಮಾಡಿದ ಕೆಲಸವೇನು? ೧೯೭೮ರವರೆಗೆ ಪಾಠ ಹೇಳಿದ. ಪಿಯೆರ್ ಬುಲೆಜ್, ಕಾರ್ಲ್‌ಹೈನ್ಸ್ ಸ್ಟಾಕ್‌ಹೌಸೆನ್ ಮೊದಲಾದವರು ಆತನ ಬಳಿ ಕಲಿತವರು. ಯಾರೂ ಗುರುವಿನಂತೆ ಬರೆಯಲಿಲ್ಲ. ಬುಲೆಜ್‌ನಂತೂ ಗುರುವಿನ ಕೃತಿಗಳನ್ನೇ ಕಟುವಾಗಿ ಟೀಕಿಸಿದ. ಮುಂದೆ ಅವನೇ ಗುರುವಿನ ಸಂಗೀತವನ್ನು ಜಗತ್ತಿನ ವೇದಿಕೆಗಳಲ್ಲಿ ನಡೆಸಿಕೊಟ್ಟ. ಐವತ್ತರ ದಶಕದ ಮೊದಲಲ್ಲಿ, ಅಥೆನ್ಸಿನ ಬೀದಿ ಕಾಳಗದಲ್ಲಿ ಒಂದು ಕಣ್ಣು ಕಳೆದುಕೊಂಡಿದ್ದ ಯಾನಿಸ್ ಕ್ಸೆನಾಕಿಸ್ ಎಂಬ ಗ್ರೀಕ್ ಇಂಜಿನಿಯರು ಬಂದ. ಚಂಡೀಗಢವನ್ನು ಯೋಜಿಸಿದ ಲ ಕಾರ್ಬುಸಿಯೆಯ ಬಳಿ ಅವನಿಗೆ ಕೆಲಸ. ಈ ವಯಸ್ಸಿನಲ್ಲಿ ಸಂಗೀತದ ವ್ಯಾಕರಣವನ್ನು ಮೊದಲಿನಿಂದ ಕಲಿಯಬೇಕೇ ಎಂಬುದು ಅವನ ಪ್ರಶ್ನೆ. ಬೇಡ, ನಿನಗೆ ಗಣಿತ ಗೊತ್ತು, ಕಟ್ಟಡವಿದ್ಯೆ ಗೊತ್ತು, ಅವುಗಳಿಂದಲೇ ಸಂಗೀತ ಮಾಡು ಎಂದು ಮೆಸಿಯಾನನು ಹೇಳಿಬಿಟ್ಟ. ಇನ್ನೊಬ್ಬನೊಳಗೆ ಏನಿದೆಯೆಂದು ಆಲಿಸಿ ತಿಳಿಯುವುದು ಮೇಷ್ಟರಿಗೆ ಬೇಕಾದ ಮೊದಲ ಗುಣ. ವರ್ಡನ್ನಿನ ಕಾವಲಿನಲ್ಲಿ ಹಕ್ಕಿಗಳಿಗೆ ಕೊಟ್ಟ ಕಿವಿಯನ್ನೇ ಆತ ಶಿಷ್ಯರಿಗೂ ಕೊಟ್ಟ.

ವಾರವಿಡೀ ಪಾಠ, ಭಾನುವಾರ ಮತ್ತೆ ಇಗರ್ಜಿಯ ಅಟ್ಟ. ಒಂದು ಪೂಜೆಯಲ್ಲಿ ಪುರಾತನ ಸ್ತೋತ್ರಗಳು, ಇನ್ನೊಂದರಲ್ಲಿ ಹಿಂದಿನ ಮಹನೀಯರ ಕೃತಿಗಳು, ಮತ್ತೊಂದರಲ್ಲಿ ತನ್ನವು. ಸಂಜೆಯ ಪ್ರಾರ್ಥನೆಯಲ್ಲಿ, ನಮ್ಮ ಮಾತಿನಲ್ಲಿ ಹೇಳುವುದಾದರೆ, ಮನೋಧರ್ಮದ ವಾದನ. ಆತನ ಕರ್ಕಶ ಸ್ವರಗಳಿಗೆ ಮುನಿದು ದೂರು ಕೊಟ್ಟ ಭಕ್ತರೂ ಇದ್ದರು. ೧೯೪೯ರಲ್ಲಿ ‘ತುರಂಗಲೀಲಾ’ ಎಂಬ ಸಂಸ್ಕೃತದ ಹೆಸರುಳ್ಳ ಮಹಾಕೃತಿ ಅಮೆರಿಕದ ಬಾಸ್ಟನ್ನಿನಲ್ಲಿ ಮೊದಲು ನಡೆದು, ಹೆಸರು ದೇಶದೇಶಗಳಿಗೆ ಹಬ್ಬಿತು. ಅದಾದ ಮೇಲೂ ಆತ ಅಟ್ಟವನ್ನು ಬಿಡಲಿಲ್ಲ. ೧೯೯೨ರ ಏಪ್ರಿಲ್ ೨೭ರಂದು ತೀರಿಕೊಂಡಾಗಲೂ ಅದೇ ಇಗರ್ಜಿಯ ವಾದಕನಾಗಿದ್ದ. ಹಿಡಿದ ಸ್ಥಾನಕ್ಕೆ ಅರವತ್ತು ವರ್ಷ ದಾಟಿತ್ತು.

ಆ ಶಿಬಿರವಿದ್ದ ನೆಲ ಯುದ್ಧಾನಂತರ ಪೋಲೆಂಡಿಗೆ ಸೇರಿತು. ಜನವರಿ ೧೫ರಂದು ಅಲ್ಲಿ ಆ ಕೃತಿಯನ್ನು ನುಡಿಸುವ ಪರಿಪಾಠ ಬೆಳೆದಿದೆ, ಅದು ಉಚಿತವೇ. ನೀವು ಎಂದಾದರೂ ರೇಡಿಯೊದಲ್ಲಿ ಅದನ್ನು ಕೇಳಿದರೆ ಸೆರೆಯ ಚಳಿಯನ್ನು ನೆನೆಯಿರಿ. ಚೆಲೊದ ನಾಲ್ಕು ತಂತಿಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಆಮೇಲೆ, ಯಾವ ಕಥೆಯೂ ಹುಟ್ಟದ, ಯಾರೂ ಚಪ್ಪಾಳೆ ತಟ್ಟದ ಆ ಭಾನುವಾರಗಳಿಗೂ ಸ್ವಲ್ಪ ಕಿವಿಗೊಡಿ.