ಒಂದು ಬಿಳಿ ಹೂವು ಪಿಸ್ತೂಲನ್ನು ಸೋಲಿಸಿದ ಕಥೆ

1996ರ ಮಾರ್ಚ್ 13. ಬುಧವಾರ. ಬೆಳಗ್ಗೆ ಸುಮಾರು ಒಂಬತ್ತೂವರೆ ಗಂಟೆ.

ಸ್ಕಾಟ್ಲೆಂಡಿನಲ್ಲಿ ಡನ್‌ಬ್ಲೇನ್ ಅಂತ ಒಂದು ಊರಿದೆ. ಸ್ಟರ್ಲಿಂಗ್ ಪಟ್ಟಣದ ಹತ್ತಿರ. ಒಂದು ಹಳೇ ಕೆಥೆಡ್ರಲ್ ಬಿಟ್ಟರೆ ಹೊರಗಿನವರು ಹುಡುಕಿಕೊಂಡು ಬರುವಂಥದ್ದು ಅಲ್ಲಿ ಹೆಚ್ಚೇನೂ ಇರಲಿಲ್ಲ. ಜನಸಂಖ್ಯೆ ಹತ್ತು ಸಾವಿರವೂ ಇಲ್ಲ. ಆ ಊರಿನ ಪ್ರೈಮರಿ ಸ್ಕೂಲಿನಲ್ಲಿ ಒಂದನೇ ಕ್ಲಾಸಿನ 28 ಮಕ್ಕಳು ಪಿ.ಟಿ. ಪೀರಿಯಡ್ಡಿಗೆ ಅಂತ ಜಿಮ್ ಹಾಲ್‌ಗೆ ಬಂದಿದ್ದರು. ಎಲ್ಲರೂ ಐದಾರು ವರ್ಷದವರು. ಜೊತೆಗೆ ಅವರ ಕ್ಲಾಸ್ ಟೀಚರ್ ಗ್ವೆನ್ ಮೇಯರ್.

ಒಬ್ಬ ಮನುಷ್ಯ ಒಳಗೆ ಬಂದ. ಅವನ ಹತ್ತಿರ ನಾಲ್ಕು ಕೈಬಂದೂಕುಗಳಿದ್ದವು, 743 ಗುಂಡುಗಳಿದ್ದವು. ಮೂರ್ನಾಲ್ಕು ನಿಮಿಷ, ಅಷ್ಟೇ. ಹದಿನಾರು ಮಕ್ಕಳು ಮತ್ತು ಅವರ ಟೀಚರ್ ಹೋಗಿಬಿಟ್ಟಿದ್ದರು. ಗಾಯಗೊಂಡವರು ಇನ್ನಷ್ಟು ಜನ. ಕೊನೆಗೆ ಅವನು ತನಗೆ ತಾನೇ ಗುಂಡು ಹೊಡೆದುಕೊಂಡ.

ಅವನ ಹೆಸರು? ಅದನ್ನು ನಾನು ಹೇಳಲ್ಲ. ಈ ಲೇಖನ ಪೂರ್ತಿ ಓದಿದರೂ ನಿಮಗೆ ಅದು ಸಿಗಲ್ಲ. ಯಾಕೆ ಅಂತ ಮುಂದೆ ಹೇಳ್ತೀನಿ. ಅದಕ್ಕಿಂತ ಮೊದಲು ನಿಮಗೆ ಗೊತ್ತಾಗಬೇಕಾದ ಬೇರೆಯವರಿದ್ದಾರೆ. ಅವತ್ತು ಆ ಹಾಲ್‌ನಲ್ಲಿ ಪಿ.ಟಿ. ಟೀಚರ್ ಒಬ್ಬರು, ಸಹಾಯಕಿ ಒಬ್ಬರು ಇದ್ದರು. ಇಬ್ಬರಿಗೂ ಗುಂಡು ಬಿದ್ದಿತ್ತು. ಮೈಯೆಲ್ಲಾ ರಕ್ತ. ಆ ಸ್ಥಿತಿಯಲ್ಲೂ ಅವರು ಕೈಗೆ ಸಿಕ್ಕಷ್ಟು ಮಕ್ಕಳನ್ನು ಪಕ್ಕದ ಸಾಮಾನಿನ ಕೋಣೆಗೆ ಸೇರಿಸಿದರು. ಇವತ್ತು ಬದುಕಿರುವ ಕೆಲವರು ಬದುಕಿರೋದು ಅದರಿಂದ.

ನಾಲ್ಕು ದಿನ ಕಳೆದರೆ ಮಾರ್ಚ್ 17, ಬ್ರಿಟನ್ನಿನಲ್ಲಿ ಅವತ್ತು ತಾಯಂದಿರ ದಿನ! ರಾಣಿ ಎಲಿಜಬೆತ್ ಡನ್‌ಬ್ಲೇನ್‌ಗೆ ಬಂದರು. ಅದಕ್ಕೂ ಎರಡು ದಿನ ಮೊದಲು ಪ್ರಧಾನಿ ಜಾನ್ ಮೇಜರ್, ವಿರೋಧ ಪಕ್ಷದ ನಾಯಕ ಟೋನಿ ಬ್ಲೇರ್ ಇಬ್ಬರೂ ಒಟ್ಟಿಗೇ ಬಂದು ಹೋಗಿದ್ದರು. ಹೂವಿನ ರಾಶಿ ಬಿತ್ತು. ಗೊಂಬೆಗಳ ರಾಶಿ ಬಿತ್ತು. ಮೌನಾಚರಣೆ ಆಯ್ತು. ನಮಗೂ ಗೊತ್ತಿರೋ ದೃಶ್ಯವೇ ಅಲ್ವಾ ಇದು? ದೊಡ್ಡ ಸಾವು, ದೊಡ್ಡವರ ಭೇಟಿ, ಮೇಣದ ಬತ್ತಿ. ಆಮೇಲೆ ಮೇಣ ಕರಗುತ್ತೆ. ಮರೆವು ಬರುತ್ತೆ.

ಡನ್‌ಬ್ಲೇನ್‌ನಲ್ಲಿ ಹಾಗಾಗಲಿಲ್ಲ. ಯಾಕಂದ್ರೆ ಮಕ್ಕಳನ್ನು ಕಳೆದುಕೊಂಡವರು ಒಂದು ಪ್ರಶ್ನೆ ಕೇಳಿದರು. 'ಆ ಗನ್ ಅವನ ಕೈಗೆ ಎಲ್ಲಿಂದ ಬಂತು?'

ಉತ್ತರ ಕೇಳಿದರೆ ಬೆಚ್ಚಿ ಬೀಳ್ತೀರಿ. ಕಳ್ಳಸಾಗಣೆಯ ಗನ್ ಅಲ್ಲ. ನಾಲ್ಕಕ್ಕೆ ನಾಲ್ಕೂ ಲೈಸೆನ್ಸ್ ಇದ್ದ ಗನ್‌ಗಳು! ಆ ಮನುಷ್ಯ ಹುಡುಗರ ಕ್ಲಬ್ ನಡೆಸುತ್ತಿದ್ದ. ಅವನ ನಡವಳಿಕೆ ಬಗ್ಗೆ ವರ್ಷಗಟ್ಟಲೆ ದೂರುಗಳಿದ್ದವು. 1991ರಲ್ಲೇ ಒಬ್ಬ ಡಿಟೆಕ್ಟಿವ್ ಸಾರ್ಜೆಂಟ್, ಈತನ ಗನ್ ಲೈಸೆನ್ಸ್ ವಾಪಸ್ ತಗೊಳ್ಳೋ ಬಗ್ಗೆ ಯೋಚಿಸಿ ಅಂತ ಮೇಲಿನವರಿಗೆ ಬರೆದಿದ್ದ. ಮೇಲಿನವರು ಕ್ರಮ ತಗೊಳ್ಳಲಿಲ್ಲ. ಲೈಸೆನ್ಸ್ ರಿನ್ಯೂ ಆಗುತ್ತಾ ಹೋಯ್ತು. ಒಬ್ಬ ಸಾರ್ಜೆಂಟ್ ಬರೆದ ಒಂದು ಕಾಗದಕ್ಕೆ ಅವತ್ತು ಬೆಲೆ ಸಿಕ್ಕಿದ್ದರೆ... ಲಾರ್ಡ್ ಕಲನ್ ಅವರ ವಿಚಾರಣಾ ವರದಿ ಇದನ್ನೆಲ್ಲ ಬಿಚ್ಚಿಟ್ಟಿತು.

ಇದಕ್ಕೊಂದು ಹಿನ್ನೆಲೆಯೂ ಇದೆ. 1987ರಲ್ಲಿ ಇಂಗ್ಲೆಂಡಿನ ಹಂಗರ್‌ಫೋರ್ಡ್ ಅನ್ನೋ ಊರಲ್ಲಿ ಒಬ್ಬ 16 ಜನರನ್ನು ಕೊಂದಿದ್ದ. ಆಗ ಸರ್ಕಾರ ಏನು ಮಾಡ್ತು? ಸೆಮಿ ಆಟೋಮ್ಯಾಟಿಕ್ ರೈಫಲ್ ನಿಷೇಧಿಸಿತು. ಪಿಸ್ತೂಲಿನ ತಂಟೆಗೆ ಹೋಗಲಿಲ್ಲ. ಒಂದು ಬಾಗಿಲಿಗೆ ಬೀಗ ಹಾಕಿ, ಪಕ್ಕದ ಬಾಗಿಲನ್ನು ಹಾಗೇ ಬಿಟ್ಟಂತಾಯ್ತು. ಒಂಬತ್ತು ವರ್ಷದ ನಂತರ ಸಾವು ಆ ಪಕ್ಕದ ಬಾಗಿಲಿಂದ ಬಂತು.

ಈ ಸಲ ಬಿಡಬಾರದು ಅಂತ ತೀರ್ಮಾನ ಮಾಡಿದವರು ಸಾಮಾನ್ಯ ಜನ. ಆನ್ ಪಿಯರ್‌ಸ್ಟನ್ ಅನ್ನೋ ಮಹಿಳೆ, ಅವರ ಗೆಳತಿಯರು. ಯಾವ ಪಕ್ಷದ ಪದಾಧಿಕಾರಿಗಳೂ ಅಲ್ಲ. ಖಾಸಗಿ ವ್ಯಕ್ತಿಗಳ ಹತ್ತಿರ ಕೈಬಂದೂಕು ಇರಲೇಬಾರದು ಅಂತ ಸಹಿ ಸಂಗ್ರಹ ಶುರು ಮಾಡಿದರು. ಅದಕ್ಕೆ ಇಟ್ಟ ಹೆಸರು 'ಸ್ನೋಡ್ರಾಪ್'. ಅದು ಚಳಿಗಾಲದ ಕೊನೆಯಲ್ಲಿ ಅರಳುವ, ತಲೆ ಬಗ್ಗಿಸಿಕೊಂಡು ನಿಂತಿರುವ ಪುಟ್ಟ ಬಿಳಿ ಹೂವು. ಆ ಮಾರ್ಚ್ ತಿಂಗಳ ಚಳಿಯಲ್ಲಿ ಅಲ್ಲಿ ಅರಳಿದ್ದದ್ದು ಅದೊಂದೇ ಹೂವಂತೆ. ಮಕ್ಕಳ ನೆನಪಿಗೆ ಅದನ್ನೇ ಆರಿಸಿಕೊಂಡರು. ನೆನಪಿಡಿ, ಆಗ ವಾಟ್ಸಾಪ್ ಇರಲಿಲ್ಲ, ಆನ್‌ಲೈನ್ ಅಭಿಯಾನ ಇರಲಿಲ್ಲ. ಕಾಗದ, ಪೆನ್ನು, ರಸ್ತೆ ಬದಿಯ ಟೇಬಲ್ಲು. ಏಳು ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು!

ಮಗಳನ್ನು ಕಳೆದುಕೊಂಡ ಮಿಕ್ ನಾರ್ತ್ ಅವರ ವಿಷಯ ಹೇಳಲೇಬೇಕು. ಅವರೊಬ್ಬ ವಿಜ್ಞಾನಿ. ಹೆಂಡತಿ ಕ್ಯಾನ್ಸರಿನಿಂದ ಮೊದಲೇ ತೀರಿಕೊಂಡಿದ್ದರು. ಇದ್ದ ಒಬ್ಬಳೇ ಮಗಳು ಆ ಹಾಲ್‌ನಲ್ಲಿ ಹೋದಳು. ಇನ್ನೇನು ಉಳಿಯಿತು ಆ ಮನುಷ್ಯನಿಗೆ? ಮನೆ ಬಾಗಿಲು ಹಾಕಿಕೊಂಡು ಕೂತಿದ್ದರೆ ಯಾರೂ ಕೇಳ್ತಿರಲಿಲ್ಲ. ಅವರು ಗನ್ ನಿಯಂತ್ರಣಕ್ಕಾಗಿ ಸಂಘಟನೆ ಕಟ್ಟಿದವರ ಜೊತೆ ನಿಂತರು, ಪುಸ್ತಕ ಬರೆದರು, ದಶಕಗಳ ಕಾಲ ಮಾತಾಡಿದರು.

ವಿರೋಧ ಬರಲಿಲ್ವಾ? ಜೋರಾಗೇ ಬಂತು. ನಾವು ಕಾನೂನು ಪಾಲಿಸೋ ಕ್ರೀಡಾಪಟುಗಳು, ಒಬ್ಬ ಮಾಡಿದ್ದಕ್ಕೆ ನಮಗೆಲ್ಲ ಯಾಕೆ ಶಿಕ್ಷೆ ಅಂತ ಶೂಟಿಂಗ್ ಕ್ಲಬ್ಬಿನವರು ಕೇಳಿದರು. ಅದು ತೆಗೆದುಹಾಕುವಂಥ ಪ್ರಶ್ನೆ ಏನಲ್ಲ. ಆದರೆ ರಾಣಿಯ ಪತಿ ಪ್ರಿನ್ಸ್ ಫಿಲಿಪ್ ಒಂದು ಹೆಜ್ಜೆ ಮುಂದೆ ಹೋದರು. ಒಬ್ಬ ಕ್ರಿಕೆಟಿಗ ಬ್ಯಾಟ್ ಹಿಡಿದು ಶಾಲೆಗೆ ನುಗ್ಗಿ ಜನರನ್ನು ಬಡಿದು ಕೊಂದರೆ, ಕ್ರಿಕೆಟ್ ಬ್ಯಾಟ್ ನಿಷೇಧಿಸ್ತೀರಾ ಅನ್ನೋ ಅರ್ಥದಲ್ಲಿ ರೇಡಿಯೋದಲ್ಲಿ ಮಾತಾಡಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಮಕ್ಕಳಿಲ್ಲದ ಮೊದಲ ಕ್ರಿಸ್‌ಮಸ್ ಎದುರಿಗಿದ್ದಾಗ! ಸ್ವಾಮೀ, ಬ್ಯಾಟ್ ಹಿಡಿದು ಬಂದವನನ್ನು ಮೂರು ಜನ ಮೇಷ್ಟ್ರುಗಳು ಸೇರಿ ಕೆಡವಬಹುದು. ಮೂರ್ನಾಲ್ಕು ನಿಮಿಷದಲ್ಲಿ ನೂರಕ್ಕೂ ಹೆಚ್ಚು ಗುಂಡು ಹಾರಿಸೋನನ್ನು ಯಾರು ಕೆಡವ್ತಾರೆ? ಕೊನೆಗೆ ಅರಮನೆಯಿಂದ ಕ್ಷಮೆ ಬಂತು.

ಲಾರ್ಡ್ ಕಲನ್ ಕೂಡ ಪೂರ್ತಿ ನಿಷೇಧ ಬೇಕು ಅಂತ ಹೇಳಿರಲಿಲ್ಲ. ಬಿಗಿ ನಿಯಮ ಸಾಕು ಅನ್ನೋ ಧಾಟಿ ಅವರದು. ಮೇಜರ್ ಸರ್ಕಾರ ಅದಕ್ಕಿಂತ ಮುಂದೆ ಹೋಗಿ 1997ರಲ್ಲಿ ದೊಡ್ಡ ಕ್ಯಾಲಿಬರಿನ ಕೈಬಂದೂಕುಗಳನ್ನು ನಿಷೇಧಿಸಿತು. ಚಿಕ್ಕ .22 ಪಿಸ್ತೂಲು ಮಾತ್ರ ಕ್ಲಬ್ಬುಗಳಲ್ಲಿ ಇರಲಿ ಅಂತು. ಡನ್‌ಬ್ಲೇನ್ ಒಪ್ಪಲಿಲ್ಲ. ಚಿಕ್ಕ ಗುಂಡಿಗೆ ಸತ್ತರೆ ಸಾವು ಚಿಕ್ಕದಾಗುತ್ತಾ? ಅದೇ ವರ್ಷ ಮೇ ತಿಂಗಳಲ್ಲಿ ಚುನಾವಣೆ ನಡೆದು ಬ್ಲೇರ್ ಗೆದ್ದರು. ವರ್ಷ ಮುಗಿಯೋದರೊಳಗೆ ಎರಡನೇ ಕಾನೂನು ಬಂತು, .22 ಕೂಡ ಹೋಯ್ತು. ಉತ್ತರ ಐರ್ಲೆಂಡ್ ಒಂದನ್ನು ಬಿಟ್ಟು ದೇಶದೆಲ್ಲೆಡೆ ಜನ ಸುಮಾರು 1,62,000 ಕೈಬಂದೂಕುಗಳನ್ನು ತಂದು ಒಪ್ಪಿಸಿದರು. ಸರ್ಕಾರ ಪರಿಹಾರ ಕೊಟ್ಟಿತು. ಬ್ರಿಟನ್ನಿನ ಪಿಸ್ತೂಲ್ ಶೂಟರ್‌ಗಳು ಪ್ರಾಕ್ಟೀಸ್ ಮಾಡೋಕೆ ವಿದೇಶಕ್ಕೆ ಹೋಗಬೇಕಾಯ್ತು. ದೇಶ ಆ ಬೆಲೆಯನ್ನೂ ತೆತ್ತಿತು.

ಆಮೇಲೆ ಬ್ರಿಟನ್ನಿನಲ್ಲಿ ಗುಂಡಿನ ಸದ್ದೇ ಕೇಳಲಿಲ್ಲ ಅಂತಲ್ಲ. 2010ರಲ್ಲಿ ಕಂಬ್ರಿಯಾದಲ್ಲಿ ಒಬ್ಬ ಶಾಟ್‌ಗನ್, ರೈಫಲ್ ಹಿಡಿದು 12 ಜನರನ್ನು ಕೊಂದ. ಆದರೆ ಡನ್‌ಬ್ಲೇನ್ ನಂತರ ಬ್ರಿಟನ್ನಿನ ಯಾವ ಶಾಲೆಯಲ್ಲೂ ಅಂಥ ಗುಂಡಿನ ಹತ್ಯಾಕಾಂಡ ನಡೆದಿಲ್ಲ. ಆ ಹದಿನೇಳು ಜನರಿಗೆ ಇದಕ್ಕಿಂತ ದೊಡ್ಡ ಸ್ಮಾರಕ ಬೇಕಾ?

ಸತ್ತವರಿಗೆ ಸಲ್ಲಿಸಿದ ಗೌರವದ ಕಥೆ ಇದು. ಬದುಕುಳಿದವರದು ಬೇರೆ ಕಥೆ.

ಅವತ್ತು ಅದೇ ಸ್ಕೂಲಿನಲ್ಲಿ ಎಂಟು ವರ್ಷದ ಒಬ್ಬ ಹುಡುಗನಿದ್ದ. ಅವನ ಕ್ಲಾಸ್ ಜಿಮ್ ಕಡೆಗೆ ಹೊರಟಿತ್ತು. ಸದ್ದು ಕೇಳಿ ಮಕ್ಕಳನ್ನು ಹೆಡ್ ಮಾಸ್ಟರ್ ಕೋಣೆ ಕಡೆ ಕಳಿಸಿ ಬಚ್ಚಿಡಲಾಯಿತು. ಆ ಹುಡುಗ ಆಂಡಿ ಮರ್ರೆ. ಹೌದು, 2013ರಲ್ಲಿ ವಿಂಬಲ್ಡನ್ ಗೆದ್ದು ಬ್ರಿಟನ್ನಿನ 77 ವರ್ಷದ ಕಾಯುವಿಕೆ ಮುಗಿಸಿದ ಅದೇ ಮರ್ರೆ! ವರ್ಷಗಟ್ಟಲೆ ಅವರು ಇದರ ಬಗ್ಗೆ ಹೆಚ್ಚು ಮಾತಾಡಲಿಲ್ಲ. 2013ರಲ್ಲಿ ಕ್ಯಾಮೆರಾ ಮುಂದೆ ಪ್ರಯತ್ನಪಟ್ಟಾಗ ಮಾತು ಹೊರಡದೆ ಕಣ್ಣೀರು ಬಂತು. ಅಷ್ಟು ಹೊತ್ತಿಗೆ 17 ವರ್ಷ ಕಳೆದಿತ್ತು. ಗುಂಡು ತಾಗದವರ ಒಳಗೂ ಗಾಯ ಇರುತ್ತೆ, ಅದು ನಮ್ಮ ಬುಲೆಟಿನ್ ಟೈಮಿಗೆ ವಾಸಿಯಾಗಲ್ಲ.

ಇಲ್ಲಿ ನಮ್ಮ ಮಾಧ್ಯಮದವರ ವಿಷಯ ಬರುತ್ತೆ. 1996ರಲ್ಲಿ ಪ್ರಪಂಚದ ಕ್ಯಾಮೆರಾಗಳೆಲ್ಲ ಡನ್‌ಬ್ಲೇನ್‌ನಲ್ಲಿದ್ದವು. ಅಂತ್ಯಕ್ರಿಯೆಗಳು ಶುರುವಾಗೋ ಮೊದಲು ಪತ್ರಕರ್ತರು ಊರು ಬಿಟ್ಟು ಹೊರಟರು. ಆ ಪುಟ್ಟ ಶವಪೆಟ್ಟಿಗೆಗಳನ್ನು ಊರಿನವರಿಗೇ ಬಿಟ್ಟುಕೊಟ್ಟರು. ಯೋಚನೆ ಮಾಡಿ, ಇವತ್ತು ಹಾಗೆ ಹೊರಡುವ ಒಂದಾದರೂ ಚಾನೆಲ್ ತೋರಿಸ್ತೀರಾ?

ಅದರ ಉಲ್ಟಾ 2009ರಲ್ಲಿ ನಡೀತು. ಬದುಕುಳಿದ ಮಕ್ಕಳಿಗೆ ಆಗ 18 ತುಂಬುತ್ತಿತ್ತು. ಸ್ಕಾಟ್ಲೆಂಡಿನ ಒಂದು ಭಾನುವಾರದ ಪತ್ರಿಕೆ ಅವರ ಸೋಷಿಯಲ್ ಮೀಡಿಯಾ ಪುಟಗಳನ್ನು ಜಾಲಾಡಿತು. ಕುಡಿದರು, ಪಾರ್ಟಿ ಮಾಡಿದರು, ಸತ್ತವರ ನೆನಪಿಗೆ ಅವಮಾನ ಮಾಡಿದರು ಅಂತ ಮುಖಪುಟದಲ್ಲಿ ಬರೆಯಿತು. ಹದಿನೆಂಟರ ಹುಡುಗರು ಹದಿನೆಂಟರ ಹುಡುಗರಂತೆ ಇದ್ದದ್ದೇ ತಪ್ಪಾ? ಗುಂಡಿನಿಂದ ಉಳಿದವರು ಜೀವನಪೂರ್ತಿ ಕಪ್ಪು ಬಟ್ಟೆ ಹಾಕಿಕೊಂಡು ಅಳುತ್ತಾ ಕೂರಬೇಕಾ? ಸಾವಿರಾರು ಜನ ತಿರುಗಿಬಿದ್ದರು, ಪತ್ರಿಕೆ ಕ್ಷಮೆ ಕೇಳಿತು. ಅವರು ನಕ್ಕರೆ, ಕುಣಿದರೆ, ಮಾಮೂಲಿ ಜನರಂತೆ ಬದುಕಿದರೆ ಖುಷಿಪಡಬೇಕು ನಾವು. ಕೊಲೆಗಾರ ಕಸಿಯೋಕೆ ಬಂದಿದ್ದು ಅದನ್ನೇ ತಾನೇ?

2018ರ ಫೆಬ್ರವರಿಯಲ್ಲಿ ಅಮೆರಿಕದ ಫ್ಲೋರಿಡಾ ರಾಜ್ಯದ ಪಾರ್ಕ್‌ಲ್ಯಾಂಡ್‌ನಲ್ಲಿ ಒಂದು ಹೈಸ್ಕೂಲಿನ ಮೇಲೆ ಗುಂಡಿನ ದಾಳಿ ಆಯ್ತು. ಸತ್ತವರು 17 ಜನ. ಡನ್‌ಬ್ಲೇನ್‌ನಲ್ಲಿ ಸತ್ತವರೂ ಹದಿನೇಳೇ. ಮುಂದಿನ ತಿಂಗಳು, ತಮ್ಮದೇ ದುರಂತಕ್ಕೆ 22 ವರ್ಷ ತುಂಬಿದಾಗ, ಡನ್‌ಬ್ಲೇನ್‌ನ ಕುಟುಂಬಗಳು ಆ ಅಮೆರಿಕನ್ ವಿದ್ಯಾರ್ಥಿಗಳಿಗೆ ಪತ್ರ ಬರೆದವು. ಕಾನೂನು ಬದಲಿಸೋಕೆ ಆಗುತ್ತೆ, ನಾವು ಮಾಡಿ ತೋರಿಸಿದ್ದೀವಿ ಅಂತ ಧೈರ್ಯ ಹೇಳಿದವು. ಅಮೆರಿಕದಲ್ಲಿ ಅದು ಅಷ್ಟು ಸುಲಭವಲ್ಲ, ಅಲ್ಲಿನ ಸಂವಿಧಾನವೇ ಬೇರೆ. ಆದರೂ ಅದೇ ಮಾರ್ಚ್‌ನಲ್ಲಿ ಫ್ಲೋರಿಡಾ ಬಂದೂಕು ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿತು. ಆ ಹುಡುಗರು ಬೀದಿಗೆ ಇಳಿದಿದ್ದು ದಂಡ ಆಗಲಿಲ್ಲ.

ಡನ್‌ಬ್ಲೇನ್‌ನ ಆ ಜಿಮ್ ಹಾಲ್ ಈಗಿಲ್ಲ. ಒಂದೇ ತಿಂಗಳಲ್ಲಿ ಕೆಡವಿದರು. ಆ ಜಾಗದಲ್ಲಿ ತೋಟ ಇದೆ. ಜಗತ್ತಿನ ಜನ ಕಳಿಸಿದ ದೇಣಿಗೆಯಲ್ಲಿ ಊರಿನ ಮಕ್ಕಳಿಗೆ, ಯುವಕರಿಗೆ ಒಂದು ಕೇಂದ್ರ ಕಟ್ಟಿದರು. 2004ರಿಂದ ಅಲ್ಲಿ ಆಟ ನಡೆಯುತ್ತೆ, ಪಾಠ ನಡೆಯುತ್ತೆ, ಗಲಾಟೆ ನಡೆಯುತ್ತೆ.

ಕೊಲೆಗಾರನ ಹೆಸರು ಯಾಕೆ ಹೇಳಲಿಲ್ಲ ಅನ್ನೋದಕ್ಕೆ ಉತ್ತರ ಇದೇ. ಇಂಥವರಲ್ಲಿ ಎಷ್ಟೋ ಜನಕ್ಕೆ ಬೇಕಿರೋದು ಹೆಸರು. ಅದನ್ನು ನಾವು ಟಿವಿಯವರು ಬಿಟ್ಟಿಯಾಗಿ ಯಾಕೆ ಕೊಡಬೇಕು? ಮುಂದಿನ ಸಲ ಎಲ್ಲೋ ಗುಂಡು ಹಾರಿದ ಸುದ್ದಿ ಬಂದಾಗ ಒಂದು ಕೆಲಸ ಮಾಡಿ. ಹೊಡೆದವನ ಫೋಟೋ ಎಷ್ಟು ಸಲ ಬಂತು, ಸತ್ತವರ ಹೆಸರು ಎಷ್ಟು ಸಲ ಬಂತು ಅಂತ ಎಣಿಸಿ. ಆ ಗನ್ ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದರಾ, ನೋಡಿ. ಕೇಳಿಲ್ಲ ಅಂದ್ರೆ ನೀವು ಕೇಳಿ. ಫೋನ್ ಮಾಡಿ ಕೇಳಿ, ನಮ್ಮನ್ನೂ ಸೇರಿಸಿ.