ರಾಳ, ಗಾಜಿನ ನೂಲು ಮತ್ತು ಕಡಲ ದೋಣಿ



ಚೆನ್ನೈನಲ್ಲಿರುವವರು ಮರೀನಾ ಆಸುಪಾಸಿನ ಮೀನುಗಾರರ ಕುಪ್ಪಂಗಳಲ್ಲಿ, ರಜೆಗೆ ಊರಿಗೆ ಹೋದವರು ಮಲ್ಪೆಯಲ್ಲೋ ಉಳ್ಳಾಲದಲ್ಲೋ, ಮರಳಿನ ಮೇಲೆ ಎಳೆದಿಟ್ಟ ಬಣ್ಣಬಣ್ಣದ ದೋಣಿಗಳನ್ನು ನೋಡಿರುತ್ತೀರಿ. ಒಮ್ಮೆ ಹತ್ತಿರ ಹೋಗಿ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಮರದ ಸದ್ದು ಬರುವುದಿಲ್ಲ. ಕೇಳಿದರೆ 'ಫೈಬರ್ ಬೋಟು' ಅನ್ನುತ್ತಾರೆ. ಆದರೆ ಫೈಬರ್ ಅನ್ನುವುದು ಅರ್ಧ ಹೆಸರು ಮಾತ್ರ. ಉಳಿದರ್ಧ ಪಾಲಿಯೆಸ್ಟರ್ ರಾಳ. ನಾವು ತೊಡುವ ಪಾಲಿಯೆಸ್ಟರ್ ಅಂಗಿಗೆ ಇದು ದಾಯಾದಿ! ಈ ಅಂಟುದ್ರವ ನಮ್ಮ ಕಡಲತೀರಕ್ಕೆ ಬಂದದ್ದು ಹೇಗೆ, ಬಂದು ಮಾಡಿದ್ದೇನು ಎಂಬುದೇ ಈ ಬಾರಿಯ ಕಥೆ.

ಅಂದ ಹಾಗೆ, ದೋಣಿಗೆ ರಾಳ ಹೊಸದೇನಲ್ಲ. ಪಶ್ಚಿಮ ಘಟ್ಟದ ಧೂಪದ ಮರ ನಿಮಗೆ ಗೊತ್ತಲ್ಲ? ಅದರ ಅಂಟನ್ನು ಎಣ್ಣೆಯಲ್ಲಿ ಕಾಯಿಸಿ ಹಲಗೆಗಳ ಸಂದಿಗೆ ತುಂಬುವ, ಮೈಗೆ ಬಳಿಯುವ ಪದ್ಧತಿ ಬಹಳ ಹಳೆಯದು. ಹಲಗೆಗೆ ಹಲಗೆಯನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿಯುವುದೂ ಇತ್ತು. ಮದ್ರಾಸಿಗೆ ಬಂದರು ಇಲ್ಲದ ಕಾಲದಲ್ಲಿ ಹಡಗಿನಿಂದ ಜನರನ್ನೂ ಸಾಮಾನನ್ನೂ ಅಲೆ ದಾಟಿಸಿ ದಡಕ್ಕೆ ತರುತ್ತಿದ್ದದ್ದು ಇಂಥ ಹೊಲಿಗೆಯ 'ಮಸೂಲಾ' ದೋಣಿಗಳು. ಅಲೆ ಬಡಿದಾಗ ಮೊಳೆಯ ದೋಣಿ ಬಿರಿಯುತ್ತದೆ, ಹೊಲಿದ ದೋಣಿ ಬಾಗಿಕೊಡುತ್ತದೆ. ಇನ್ನು ಹಗುರ ಮರದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದರೆ ಆಯಿತು ಕಟ್ಟುಮರಂ. ಇಂಗ್ಲಿಷಿನ 'ಕ್ಯಾಟಮರಾನ್' ಎಂಬ ಪದ ಹುಟ್ಟಿದ್ದೇ ಈ ತಮಿಳು ಪದದಿಂದ. ನಮ್ಮ ಕರಾವಳಿಯಲ್ಲಿ ಇಡೀ ಮರವನ್ನು ಕೊರೆದು ಮಾಡಿದ ಪಾತಿ ದೋಣಿಗಳಿದ್ದವು. ಎಲ್ಲದಕ್ಕೂ ಬೇಕಾದದ್ದು ಒಳ್ಳೆಯ ಮರ, ಎಲ್ಲಕ್ಕೂ ಇದ್ದ ಶತ್ರು ಮರ ಕೊರೆಯುವ ಕಡಲ ಹುಳು.

ಈಗ ಅಮೆರಿಕಕ್ಕೆ ಹೋಗೋಣ. 1932ರಲ್ಲಿ ಓಹಾಯೋ ರಾಜ್ಯದಲ್ಲಿ ಓವೆನ್ಸ್-ಇಲಿನಾಯ್ ಎಂಬ ಗಾಜಿನ ಕಂಪನಿಯ ಡೇಲ್ ಕ್ಲೈಸ್ಟ್ ಎಂಬ ಯುವಕ ಗಾಜಿನ ಇಟ್ಟಿಗೆಗಳನ್ನು ಒಂದಕ್ಕೊಂದು ಬೆಸೆಯಲು ಹೆಣಗುತ್ತಿದ್ದ. ಕರಗಿದ ಗಾಜಿನ ಧಾರೆಗೆ ರಭಸದ ಗಾಳಿ ತಾಗಿ, ಗಾಜು ಹತ್ತಿಯಂತೆ ಸಣ್ಣ ಎಳೆಗಳಾಗಿ ಹಾರಿತು. ಬೆಸುಗೆ ಆಗಲಿಲ್ಲ, ಗಾಜಿನ ನೂಲು ಸಿಕ್ಕಿತು! 1938ರಲ್ಲಿ ಇದನ್ನೇ ತಯಾರಿಸಲು ಓವೆನ್ಸ್ ಕಾರ್ನಿಂಗ್ ಕಂಪನಿ ಟೊಲಿಡೋ ನಗರದಲ್ಲಿ ಶುರುವಾಯಿತು. ಅದೇ ದಶಕದಲ್ಲಿ ಕಾರ್ಲ್‌ಟನ್ ಎಲ್ಲಿಸ್ ಎಂಬ ರಸಾಯನಶಾಸ್ತ್ರಜ್ಞ ಪಾಲಿಯೆಸ್ಟರನ್ನು ಸ್ಟೈರೀನ್‌ನಂಥ ದ್ರವದಲ್ಲಿ ಕರಗಿಸಿ, ಬೇಕಾದಾಗ ಗಟ್ಟಿಯಾಗುವಂತೆ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ.

ಗಾಜಿನ ನೂಲಿಗೆ ಎಳೆತದ ಬಲವಿದೆ, ಆಕಾರವಿಲ್ಲ. ರಾಳಕ್ಕೆ ಆಕಾರವಿದೆ, ಆದರೆ ಒಂದೇ ಆದರೆ ಬಿಸ್ಕತ್ತಿನಂತೆ ಮುರಿಯುತ್ತದೆ. ಎರಡೂ ಸೇರಿದರೆ? ಕಬ್ಬಿಣದ ಸರಳು ಮತ್ತು ಕಾಂಕ್ರೀಟು ಸೇರಿದಂತೆ. ಎರಡನೇ ಮಹಾಯುದ್ಧದಲ್ಲಿ ವಿಮಾನದ ರಾಡಾರ್ ಮುಚ್ಚುವ ಚಿಪ್ಪುಗಳಿಗೆ ಈ ಜೋಡಿಯನ್ನು ಬಳಸಿದರು, ಏಕೆಂದರೆ ರಾಡಾರ್ ಅಲೆ ಇದರ ಮೂಲಕ ಹಾದುಹೋಗುತ್ತದೆ. 1942ರಲ್ಲಿ ಅದೇ ಟೊಲಿಡೋದ ರೇ ಗ್ರೀನ್ ಎಂಬಾತ ಇದರಿಂದ ಒಂದು ಪುಟ್ಟ ದೋಣಿ ಮಾಡಿದ. ಫೈಬರ್ ದೋಣಿಗಳ ಚರಿತ್ರೆಯಲ್ಲಿ ಮೊದಲು ಬರುವ ಹೆಸರುಗಳಲ್ಲಿ ಅವನದೊಂದು.

ಯುದ್ಧ ಮುಗಿದ ಮೇಲೆ ಈ ವಿದ್ಯೆ ಹಬ್ಬಿದ್ದಕ್ಕೆ ಕಾರಣ ಅದರ ಸರಳತೆ. ಒಂದು ಅಚ್ಚು ಬೇಕು. ಒಳಮೈಗೆ ಮೇಣ ಸವರಿ, 'ಜೆಲ್‌ಕೋಟ್' ಎಂಬ ಬಣ್ಣದ ರಾಳದ ಪದರ ಬಳಿಯಬೇಕು. ದೋಣಿಯ ಹೊರಗಿನ ಹೊಳಪು ಇದೇ. ಅದರ ಮೇಲೆ ಗಾಜಿನ ನಾರಿನ ಚಾಪೆ ಹಾಸಿ, ರಾಳ ಕುಡಿಸಿ, ರೋಲರ್‌ನಿಂದ ಒತ್ತಿ ಗಾಳಿಗುಳ್ಳೆ ಓಡಿಸಬೇಕು. ಹೀಗೆ ಪದರದ ಮೇಲೆ ಪದರ. ರಾಳಕ್ಕೆ ಕೋಬಾಲ್ಟ್ ದ್ರಾವಣ ಮೊದಲೇ ಬೆರೆತಿರುತ್ತದೆ. ಬಳಸುವ ಮುನ್ನ ಶೇಕಡ 1ರಿಂದ 2ರಷ್ಟು ಪೆರಾಕ್ಸೈಡ್ ಹಾಕಿ ಕಲಕಿದರೆ ಕೆಲವೇ ನಿಮಿಷಗಳಲ್ಲಿ ಬಿಸಿಯೇರಿ ಗಟ್ಟಿಯಾಗುತ್ತದೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಅನ್ನಿ. ಆದರೆ ಈ ಹೆಪ್ಪು ಅಪಾಯದ್ದು: ಕೋಬಾಲ್ಟನ್ನೂ ಪೆರಾಕ್ಸೈಡನ್ನೂ ನೇರವಾಗಿ ಬೆರೆಸಿದರೆ ಸ್ಫೋಟವೇ ಆಗಬಹುದು. ಬಡಗಿಗೆ ದೋಣಿ ಕಟ್ಟುವುದು ಕೈಗೂಡಲು ವರ್ಷಗಳೇ ಬೇಕು. ಇಲ್ಲಿ ಒಂದು ಅಚ್ಚಿದ್ದರೆ ಒಂದರ ಹಿಂದೊಂದು ದೋಣಿ.

1958ರಲ್ಲಿ ಅಮೆರಿಕದ ಡಿಕ್ ಫಿಶರ್ 'ಬಾಸ್ಟನ್ ವೇಲರ್' ಎಂಬ ದೋಣಿ ತಂದ. ಫೈಬರಿನ ಎರಡು ಚಿಪ್ಪು, ನಡುವೆ ತುಂಬಿದ ನೊರೆಯಂಥ ಫೋಮ್. 1961ರಲ್ಲಿ 'ಲೈಫ್' ಪತ್ರಿಕೆಯಲ್ಲಿ ಬಂದ ಚಿತ್ರಗಳನ್ನು ನೋಡಬೇಕು! ನೀರಿನ ಮೇಲಿರುವ ದೋಣಿಯನ್ನು ಗರಗಸದಿಂದ ಎರಡು ತುಂಡು ಮಾಡುತ್ತಿದ್ದಾರೆ, ಫಿಶರ್ ಮಹಾಶಯ ಅದರಲ್ಲೇ ಕೂತಿದ್ದಾನೆ. ಆಮೇಲೆ ಎಂಜಿನ್ ಇರುವ ಹಿಂದಿನ ತುಂಡಿನಲ್ಲೇ ಹೊರಟುಹೋದ. ಈ ಫೋಮನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 1973ರಲ್ಲಿ ಬ್ರಿಟಿಷ್ ನೌಕಾಪಡೆಗೆ ಸೇರಿದ 'ವಿಲ್ಟನ್' ಇದೇ ವಸ್ತುವಿನಿಂದ ಕಟ್ಟಿದ ಮೊದಲ ಯುದ್ಧನೌಕೆ. ಕಡಲಿನಲ್ಲಿ ಹುದುಗಿಸಿದ ಸಿಡಿಗುಂಡುಗಳು ಕಬ್ಬಿಣದ ಕಾಂತಕ್ಕೆ ಸಿಡಿಯುತ್ತವಲ್ಲ, ಗಾಜಿಗೂ ರಾಳಕ್ಕೂ ಕಾಂತವೆಲ್ಲಿ?

ಹಾಗಾದರೆ ಈ ರಾಳಕ್ಕೆ ಸಾವಿಲ್ಲವೇ? ಇದೆ. ವರ್ಷಗಟ್ಟಲೆ ನೀರಿನಲ್ಲಿದ್ದರೆ ಜೆಲ್‌ಕೋಟ್ ಮೂಲಕ ನೀರು ನಿಧಾನವಾಗಿ ಒಳಗೆ ಇಳಿಯುತ್ತದೆ. ಒಳಗೆ ಸರಿಯಾಗಿ ಬಲಿಯದ ರಾಳವಿದ್ದರೆ ಅದು ಒಡೆದು ಆಮ್ಲವಾಗಿ, ಮೈಮೇಲೆ ಸಿಡುಬಿನಂಥ ಗುಳ್ಳೆ ಏಳುತ್ತವೆ. ಚುಚ್ಚಿದರೆ ಹುಳಿ ವಾಸನೆ. ಹಳೆಯ ಮರದ ದೋಣಿಗೆ ಮೇಲಿಂದ ಫೈಬರ್ ಹೊದಿಸಿದರೆ ಹೊಸದಾಗುತ್ತದೆ ಎಂದು ನಂಬಿ ಕೆಟ್ಟವರೂ ಜಗತ್ತಿನಾದ್ಯಂತ ಇದ್ದಾರೆ. ಮರ ತೇವಕ್ಕೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಪಾಲಿಯೆಸ್ಟರ್ ಅದನ್ನು ಹಿಡಿದುಕೊಳ್ಳಲಾರದೆ ಬಿಟ್ಟುಕೊಳ್ಳುತ್ತದೆ. ಸಂದಿಯಲ್ಲಿ ನೀರು ನಿಂತು, ಕಣ್ಣಿಗೆ ಕಾಣದಂತೆ ಮರ ಕೊಳೆಯುತ್ತದೆ.

ಈಗ ನಮ್ಮ ಕಡಲಿಗೆ ಬರೋಣ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 1979ರಲ್ಲಿ ಮದ್ರಾಸಿನಲ್ಲಿ ಬಂಗಾಳಕೊಲ್ಲಿ ಯೋಜನೆಯನ್ನು ಶುರುಮಾಡಿತು. ಬಂದರಿಲ್ಲದ ಬಯಲು ತೀರದಲ್ಲಿ ಅಲೆ ದಾಟಿ ಮರಳಿಗೆ ಬರಬಲ್ಲ ಎಂಜಿನ್ ದೋಣಿಗಾಗಿ ಅಲ್ಲಿ ಅನೇಕ ಮಾದರಿಗಳ ಪ್ರಯೋಗ ನಡೆಯಿತು, ಫೈಬರಿನದೂ ಅದರಲ್ಲಿತ್ತು. ಒಳ್ಳೆಯ ಮರದ ಬೆಲೆ ಏರಿದಂತೆ ಮೀನುಗಾರರೂ ಮೆಲ್ಲಮೆಲ್ಲನೆ ಫೈಬರಿಗೆ ಹೊರಳಿದರು. ತಮಿಳುನಾಡಿನ ಕೆಲವೆಡೆ ಈ ದೋಣಿಗೆ ಜನ ಇಟ್ಟ ಹೆಸರು ಏನು ಗೊತ್ತೇ? 'ಮಾರುತಿ'! ರಸ್ತೆಯ ಮಾರುತಿ ಕಾರಿನಂತೆ ಕಡಲಿಗೊಂದು.

ಆಮೇಲೆ ಬಂತು 2004ರ ಡಿಸೆಂಬರ್ 26. ಸುನಾಮಿ ನಾಗಪಟ್ಟಣಂ ಜಿಲ್ಲೆಯೊಂದರಲ್ಲೇ 6,000ಕ್ಕೂ ಹೆಚ್ಚು ಜನರನ್ನು ನುಂಗಿತು. ಬದುಕುಳಿದವರ ಕಟ್ಟುಮರಂ, ದೋಣಿ, ಬಲೆ ಎಲ್ಲ ಚೂರು. ಇಡೀ ಜಗತ್ತು ಮರುಗಿತು, ನೆರವು ಹರಿದುಬಂತು. ಹಣ ಕೊಟ್ಟವರಿಗೆ ಕಣ್ಣಿಗೆ ಕಾಣುವ ಕೊಡುಗೆ ಬೇಕು. ದೋಣಿಗಿಂತ ಚೆಂದದ ಕೊಡುಗೆ ಯಾವುದು? ತೀರದುದ್ದಕ್ಕೂ ಫೈಬರ್ ದೋಣಿ ಮಾಡುವ ಶೆಡ್ಡುಗಳು ಅಣಬೆಯಂತೆ ಎದ್ದವು. ಹಲವು ಊರುಗಳಲ್ಲಿ ಸುನಾಮಿಗೆ ಮುಂಚೆ ಇದ್ದದ್ದಕ್ಕಿಂತ ಹೆಚ್ಚು ದೋಣಿಗಳಾದವು. ನಿನ್ನೆಯವರೆಗೆ ಆಳಾಗಿದ್ದವನು ದೋಣಿಯ ಯಜಮಾನನಾದ, ಅದು ಸಂತೋಷದ ಮಾತೇ. ಆದರೆ ಎಲ್ಲರೂ ಯಜಮಾನರಾದರೆ ಜೊತೆಗೆ ಕಡಲಿಗಿಳಿಯುವ ಆಳು ಯಾರು? ಇರುವ ಮೀನನ್ನೇ ಹೆಚ್ಚು ಬಲೆಗಳು ಹಂಚಿಕೊಳ್ಳಬೇಕಾಯಿತು.

ಅವಸರದ ಕೆಲಸದ ಫಲ ದೋಣಿಯ ಮೈಯಲ್ಲೂ ಕಂಡಿತು. ರಾಳ ಕಡಿಮೆಯಾದರೆ ಗಾಜಿನ ನಾರು ಒಣಗಿ ನೀರು ಕುಡಿಯುತ್ತದೆ, ಹೆಚ್ಚಾದರೆ ದೋಣಿ ಭಾರವಾಗಿ ಬಿರುಕುಬಿಡುತ್ತದೆ. ಮೇಲೆ ಬಣ್ಣ ಬಿದ್ದ ಮೇಲೆ ಒಳಗಿನ ಪದರ ಎಣಿಸುವವರು ಯಾರು? ಎಲ್ಲಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಕಟ್ಟುಮರಂ ಮಗುಚಬಹುದು, ಮುಳುಗುವುದಿಲ್ಲ. ಅದು ಮರದ ದಿಮ್ಮಿ, ಹಿಡಿದುಕೊಂಡವನು ಬದುಕುತ್ತಾನೆ. ಗಾಜೂ ರಾಳವೂ ನೀರಿಗಿಂತ ಭಾರ. ಒಳಗೆ ಫೋಮ್ ತುಂಬಿದ ಗೂಡುಗಳಿಲ್ಲದ ಫೈಬರ್ ದೋಣಿ ನೀರು ತುಂಬಿದರೆ ಎಂಜಿನ್ ಸಮೇತ ತಳ ಸೇರುತ್ತದೆ. ಫಿಶರ್ ಗರಗಸ ಹಿಡಿಸಿ ತೋರಿಸಿದ ಪಾಠ ಇದೇ. ಮೇಲ್ನೋಟಕ್ಕೆ ಫೋಮ್ ಕಾಣದು, ಹಾಗಾಗಿ ಖರ್ಚು ಉಳಿಸುವವನ ಕಣ್ಣು ಮೊದಲು ಬೀಳುವುದೂ ಅದರ ಮೇಲೆಯೇ.

ಆಗ ದುರಸ್ತಿಯ ದಾರಿ ಹಿಡಿದವರೂ ಇದ್ದರು. ತಿರುವನಂತಪುರದ ಮೀನುಗಾರರ ಒಕ್ಕೂಟ 'ಸಿಫ್ಸ್' ಒಡೆದ ದೋಣಿಗಳನ್ನು ರಿಪೇರಿ ಮಾಡಿಸಿ ಮತ್ತೆ ಕಡಲಿಗಿಳಿಸಿತು. ಫೈಬರಿನ ರಿಪೇರಿಗೆ ಗುಟ್ಟೇನಿಲ್ಲ, ತಾಳ್ಮೆ ಬೇಕು. ಒಡೆದ ಕಡೆಗೆ ತೇಪೆ ಅಂಟಿಸಿದರೆ ಸಾಲದು. ಬಿರುಕಿನ ಸುತ್ತ ಉದ್ದಕ್ಕೆ ಇಳಿಜಾರಾಗಿ ಉಜ್ಜಿ, ಉಪ್ಪು, ಎಣ್ಣೆ, ತೇವ ತೆಗೆದು, ಪೂರ್ತಿ ಒಣಗಿಸಿ, ಆಮೇಲೆ ಒಂದೊಂದೇ ಪದರ ಕೂರಿಸಬೇಕು. ಹಳೆಯ ಪಾಲಿಯೆಸ್ಟರ್ ಮೇಲೆ ಹೊಸದು ತಾನಾಗಿ ಬೆಸೆಯುವುದಿಲ್ಲ. ಉಜ್ಜಿದ ಗೀರುಗಳೇ ಅದಕ್ಕೆ ಹಿಡಿತ.

ಉಜ್ಜುವವನ ಬಗ್ಗೆಯೂ ಒಂದು ಮಾತು. ಗಾಜಿನ ಧೂಳು ಚರ್ಮವನ್ನು ಕೆರೆಯುತ್ತದೆ, ಉಸಿರಿಗೆ ಹೋಗುತ್ತದೆ. ಸ್ಟೈರೀನ್ ವಾಸನೆ ಕಣ್ಣು ಉರಿಸಿ, ತಲೆ ತಿರುಗಿಸುತ್ತದೆ. ಮುಸುಕು, ಕೈಗವಸು, ಗಾಳಿಯಾಡುವ ಶೆಡ್ಡು, ಇವಿಷ್ಟೂ ಇಲ್ಲದೆ ಮಾಡಿದ ದೋಣಿ ಅಗ್ಗವಾಗಿದ್ದರೆ, ಆ ಉಳಿತಾಯ ಯಾರ ಎದೆಯಿಂದ ಬಂತು ಎಂದು ಕೇಳಬೇಕು. ಇನ್ನು ಮುದಿ ದೋಣಿಯ ಗತಿ? ಮರದ ದೋಣಿ ಕೊನೆಗೆ ಒಲೆಗಾದರೂ ಆಗುತ್ತಿತ್ತು. ಒಮ್ಮೆ ಗಟ್ಟಿಯಾದ ಈ ರಾಳ ಮತ್ತೆ ಕರಗದು, ಕೊಳೆಯದು. ತೀರದ ಮೂಲೆಯಲ್ಲಿ ಬಿದ್ದಿರುತ್ತದೆ, ಅಷ್ಟೇ.

ಹಾಗೆಂದು ಫೈಬರನ್ನು ಬೈದು ಪ್ರಯೋಜನವಿಲ್ಲ. ಮೀನುಗಾರನನ್ನು ಇನ್ನೂ ದೂರಕ್ಕೆ ಕೊಂಡೊಯ್ದು, ಬೇಗ ಮರಳಿ ತರುವುದು ಅದೇ. ಹುಳು ಅದನ್ನು ಕೊರೆಯದು, ಅದಕ್ಕಾಗಿ ಕಾಡು ಕಡಿಯಬೇಕಿಲ್ಲ. ಪ್ರಶ್ನೆ ವಸ್ತುವಿನದಲ್ಲ, ಕೈಯದು. ಹೊಲಿಗೆಯ ದೋಣಿಯಲ್ಲಿ ತಪ್ಪಿದ್ದರೆ ಕಣ್ಣಿಗೆ ಕಾಣುತ್ತಿತ್ತು. ಇಲ್ಲಿ ತಪ್ಪು ಬಣ್ಣದ ಹಿಂದೆ ಅಡಗಿ ಕೂತು, ನಡುಗಡಲಿನಲ್ಲಿ ಹೊರಬರುತ್ತದೆ. ಆದ್ದರಿಂದ ಮುಂದೆ ಯಾವತ್ತಾದರೂ ದೋಣಿ ಕೊಡಿಸುವ ಸಂಘಕ್ಕೆ ನೀವು ಚಂದಾ ಕೊಡುವ ಸಂದರ್ಭ ಬಂದರೆ, ಬಣ್ಣ ಯಾವುದೆಂದು ಕೇಳಬೇಡಿ. ಎಷ್ಟು ಪದರ, ಒಳಗೆ ಫೋಮ್ ಇದೆಯೇ, ಇದರಲ್ಲಿ ಹೋಗುವವರನ್ನು ಒಂದು ಮಾತು ಕೇಳಿದ್ದೀರಾ ಎಂದು ಕೇಳಿ.